ಕೂಡಿಸಿ ಕಳೆದು ಬಿಡಿಸುವ ಲೆಕ್ಕ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಎಂಜಿನಿಯರಿಂಗ್, ಭೌತಶಾಸ್ತ್ರ, ಅರ್ಥಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳ ವಿದ್ಯಾರ್ಥಿಗಳು ಮೊದಲೆರಡು ವರ್ಷಗಳಲ್ಲಿ ಓದಬೇಕಾದ ಗಣಿತದಲ್ಲಿ ಎರಡು ಶಾಖೆಗಳು ಹಲವೆಡೆ ಒಂದೇ ಕೋರ್ಸಿನ ಹೆಸರಿನಲ್ಲಿ ಜೋಡಿಯಾಗಿ ಬರುತ್ತವೆ: ಒಂದು ರೇಖೀಯ ಬೀಜಗಣಿತ, ಇನ್ನೊಂದು ಅವಕಲ ಸಮೀಕರಣ. ಅವ್ಯಕ್ತ ರಾಶಿಗಳನ್ನು ಸಂಖ್ಯೆಗಳಿಂದ ಗುಣಿಸುವುದು, ಬಂದದ್ದನ್ನು ಕೂಡಿಸುವುದು, ಇವೆರಡನ್ನು ಬಿಟ್ಟು ಬೇರೇನನ್ನೂ ಮಾಡದ ಸಮೀಕರಣಗಳ ಶಾಸ್ತ್ರ ಮೊದಲನೆಯದು; ವರ್ಗವಾಗಲಿ, ಎರಡು ಅವ್ಯಕ್ತಗಳ ಗುಣಲಬ್ಧವಾಗಲಿ ಅದರೊಳಗೆ ಬರುವಂತಿಲ್ಲ. ಎರಡನೆಯದರಲ್ಲಿ ಅವ್ಯಕ್ತವೇ ಕಾಲಕ್ಕೆ ತಕ್ಕಂತೆ ಬದಲಾಗುವ ರಾಶಿ. ಅದು ಎಷ್ಟಿದೆ ಎಂಬುದರ ಬದಲು ಅದು ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದಕ್ಕೆ ಒಂದು ನಿಯಮ ಮಾತ್ರ ಗೊತ್ತಿರುತ್ತದೆ, ಆ ನಿಯಮದಿಂದ ರಾಶಿಯನ್ನೇ ಕಂಡುಹಿಡಿಯಬೇಕಾಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕಲಿ ಆವರಣದಲ್ಲಿ ಈ ಜೋಡಿ ಕೋರ್ಸಿಗೆ ಬಹುಕಾಲದಿಂದ ಇರುವ ಗುರುತು ‘ಮ್ಯಾಥ್ 54’. ಮಾಮೂಲಿ ಸೆಮಿಸ್ಟರಿನಲ್ಲಿ ಸುಮಾರು ಹದಿನೈದು ವಾರ ಹರಡಿಕೊಳ್ಳುವ ಪಾಠವನ್ನು ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗಿನ ಬೇಸಿಗೆ ಅವಧಿಯಲ್ಲಿ ಎಂಟೇ ವಾರಗಳಿಗೆ ಇಳಿಸಲಾಗುತ್ತದೆ. ಪಾಠ ಬಹುತೇಕ ಪ್ರತಿದಿನ ನಡೆಯುತ್ತದೆ. ಒಂದು ಹೋಂವರ್ಕ್ ತಿದ್ದಿಬರುವ ಹೊತ್ತಿಗೆ ಮುಂದಿನದನ್ನು ಒಪ್ಪಿಸುವ ದಿನ ಬಂದಿರುತ್ತದೆ. ಸೆಮಿಸ್ಟರಿನಲ್ಲಿ ಮೊದಲರ್ಧದ ಬೀಜಗಣಿತ ಮರೆತುಹೋಗುವಷ್ಟು ಹೊತ್ತಿಗೆ ಎರಡನೆಯರ್ಧದ ಅವಕಲ ಸಮೀಕರಣ ಆರಂಭವಾಗುತ್ತದೆ. ಬೇಸಿಗೆಯಲ್ಲಿ ಅಂಥ ಮರೆವಿಗೆ ಸಮಯವೇ ಇರುವುದಿಲ್ಲ. ಈ ಅವಸರದಿಂದ ಆಗುವ ಕಷ್ಟ ಎಲ್ಲರಿಗೂ ಗೊತ್ತಿರುವಂಥದ್ದು. ಅಷ್ಟಾಗಿ ಗಮನಕ್ಕೆ ಬಾರದ ಲಾಭವೂ ಒಂದಿದೆ: ಮೂರನೆಯ ವಾರದ ಹೋಂವರ್ಕಿನಲ್ಲಿ ಮಾಡಿದ ಕೆಲಸವೇ ಏಳನೆಯ ವಾರದ ಹೋಂವರ್ಕಿನಲ್ಲಿ ವೇಷ ಬದಲಿಸಿ ಬಂದಾಗ, ಎರಡು ವಿಷಯಗಳೆಂದು ಕಂಡದ್ದು ವಾಸ್ತವವಾಗಿ ಒಂದೇ ವಿಷಯ ಎಂಬುದನ್ನು ವಿದ್ಯಾರ್ಥಿ ತನ್ನ ಕೈಬರಹದಲ್ಲಿಯೇ ಕಾಣಬಹುದು.

ಮೊದಲ ವಾರದ ಲೆಕ್ಕಗಳು ಸಮೀಕರಣಗಳ ಗುಂಪನ್ನು ಬಿಡಿಸುವಂಥವು. ಒಂದು ಸಮೀಕರಣವನ್ನು ತಕ್ಕ ಸಂಖ್ಯೆಯಿಂದ ಗುಣಿಸಿ ಇನ್ನೊಂದರಿಂದ ಕಳೆದು ಒಂದೊಂದೇ ಅವ್ಯಕ್ತವನ್ನು ಅಳಿಸುತ್ತ ಹೋಗುವ ಈ ವಿಧಾನಕ್ಕೆ ಇಂದು ಜರ್ಮನಿಯ ಗಾಸ್ ಹೆಸರು ಅಂಟಿಕೊಂಡಿದ್ದರೂ, ಚೀನಾದ ‘ಒಂಬತ್ತು ಅಧ್ಯಾಯಗಳು’ ಎಂಬ ಪ್ರಾಚೀನ ಗಣಿತಗ್ರಂಥದ ಎಂಟನೆಯ ಅಧ್ಯಾಯ ಇದೇ ಕೆಲಸವನ್ನು ಎಣಿಕೆಯ ಕಡ್ಡಿಗಳಿಂದ ಮಾಡಿಸುತ್ತದೆ. ಕನ್ನಡ ನಾಡಿಗೂ ಈ ಪರಂಪರೆಯಲ್ಲಿ ನಿಜವಾದ ಪಾಲಿದೆ. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಎರಡು ಹಣ್ಣುಗಳ ಬೆಲೆ ಕೇಳುವ ಒಂದು ಸಮಸ್ಯೆ ಬರುತ್ತದೆ: 9 ಮಾದಲ ಹಣ್ಣುಗಳಿಗೂ 7 ಬೇಲದ ಹಣ್ಣುಗಳಿಗೂ ಒಟ್ಟು ಬೆಲೆ 107, 7 ಮಾದಲಕ್ಕೂ 9 ಬೇಲಕ್ಕೂ ಒಟ್ಟು ಬೆಲೆ 101 ಆದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು? ಮಹಾವೀರ ಕೊಡುವ ಸೂತ್ರ ಅಡ್ಡದಾರಿಯಿಲ್ಲದ್ದು. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಉಳಿದದ್ದನ್ನು ಆ ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಬೇಕು. 963ರಲ್ಲಿ 707 ಕಳೆದರೆ 256. ಅದನ್ನು 32ರಿಂದ ಭಾಗಿಸಿದರೆ 8. ಮಾದಲದ ಬೆಲೆ 8, ಬೇಲದ್ದು 5. ಇಂದಿನ ವಿದ್ಯಾರ್ಥಿ ಕಲಿಯುವ ನಿರ್ಧಾರಕದ (ಡಿಟರ್ಮಿನೆಂಟ್) ನಿಯಮವನ್ನು ಈ ಲೆಕ್ಕಕ್ಕೆ ಹಚ್ಚಿದರೆ ಬರುವುದೂ ಇದೇ ಭಾಗಾಕಾರ.

ಆದರೆ ಈ ಹಣ್ಣುಗಳ ಲೆಕ್ಕಕ್ಕೆ ಇನ್ನೊಂದು ದಾರಿಯಿದೆ, ಮತ್ತು ಬೇಸಿಗೆಯ ಇಡೀ ಕೋರ್ಸು ಆ ದಾರಿಯ ಮೇಲೆಯೇ ನಿಂತಿದೆ ಎಂದರೆ ಅತಿಶಯೋಕ್ತಿಯಾಗದು. ಎರಡು ಸಮೀಕರಣಗಳನ್ನು ಕೂಡಿಸಿದರೆ 16 ಮಾದಲ ಮತ್ತು 16 ಬೇಲಕ್ಕೆ 208 ಆಗುತ್ತದೆ, ಅಂದರೆ ಎರಡು ಬೆಲೆಗಳ ಮೊತ್ತ 13. ಒಂದರಿಂದ ಇನ್ನೊಂದನ್ನು ಕಳೆದರೆ ವ್ಯತ್ಯಾಸದ ಎರಡು ಪಟ್ಟು 6 ಆಗುತ್ತದೆ, ಅಂದರೆ ವ್ಯತ್ಯಾಸ 3. ಮೊತ್ತ 13, ವ್ಯತ್ಯಾಸ 3 ಎಂದಾದ ಮೇಲೆ ಉಳಿಯುವುದು ಬಾಯಿಲೆಕ್ಕ. ಇಲ್ಲಿ ನಡೆದದ್ದೇನೆಂದರೆ, ಒಂದಕ್ಕೊಂದು ಹೆಣೆದುಕೊಂಡಿದ್ದ ಎರಡು ಅವ್ಯಕ್ತಗಳ ಬದಲು ಮೊತ್ತ ಮತ್ತು ವ್ಯತ್ಯಾಸ ಎಂಬ ಬೇರೆ ಎರಡು ಅವ್ಯಕ್ತಗಳನ್ನು ಆರಿಸಿಕೊಂಡ ಕೂಡಲೇ ಸಮೀಕರಣಗಳು ಬೇರೆಬೇರೆಯಾಗಿ, ಪ್ರತಿಯೊಂದರಲ್ಲಿಯೂ ಒಂದೇ ಅವ್ಯಕ್ತ ಉಳಿಯಿತು.

ಸಮೀಕರಣಗಳಲ್ಲಿ ಬರುವ ಸಂಖ್ಯೆಗಳನ್ನಷ್ಟೇ ಸಾಲು ಮತ್ತು ಕಂಬಗಳಲ್ಲಿ ಜೋಡಿಸಿ ಬರೆದರೆ ಅದು ಮಾತೃಕೆ. ಹಣ್ಣುಗಳ ಮಾತೃಕೆಯಲ್ಲಿ ಮೊದಲ ಸಾಲು 9 ಮತ್ತು 7, ಎರಡನೆಯ ಸಾಲು 7 ಮತ್ತು 9. ಹೀಗೆಯೇ ಅವ್ಯಕ್ತಗಳ ಬೆಲೆಗಳನ್ನು ಕ್ರಮವಾಗಿ ಬರೆದ ಪಟ್ಟಿಯನ್ನು ಸದಿಶ ಎನ್ನುತ್ತಾರೆ. ಮಾತೃಕೆ ಸಾಮಾನ್ಯವಾಗಿ ಒಂದು ಸದಿಶವನ್ನು ಬೇರೊಂದು ದಿಕ್ಕಿಗೆ ತಿರುಗಿಸಿಬಿಡುತ್ತದೆ. ಆದರೆ ಕೆಲವು ವಿಶೇಷ ದಿಕ್ಕುಗಳಲ್ಲಿರುವ ಸದಿಶಗಳನ್ನು ಮಾತ್ರ ತಿರುಗಿಸದೆ, ಕೇವಲ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಅಂಥವು ಐಗೆನ್ ಸದಿಶಗಳು, ಹಿಗ್ಗಿಸುವ ಪ್ರಮಾಣವು ಐಗೆನ್ ಮೌಲ್ಯ. ಮಹಾವೀರನ ಮಾತೃಕೆಯಲ್ಲಿ ‘ಒಂದು, ಒಂದು’ ಎಂಬ ಸದಿಶ 16 ಪಟ್ಟಾಗುತ್ತದೆ, ‘ಒಂದು, ಋಣ ಒಂದು’ ಎಂಬುದು 2 ಪಟ್ಟಾಗುತ್ತದೆ. ಕೂಡಿಸಿದಾಗ ಬಂದ 16, ಕಳೆದಾಗ ಬಂದ 2 ಇವೇ. ಒಂಬತ್ತನೆಯ ಶತಮಾನದ ಗಣಿತಜ್ಞನಿಗೆ ಐಗೆನ್ ಮೌಲ್ಯಗಳು ಗೊತ್ತಿದ್ದವು ಎಂದು ಇದರಿಂದ ಸಾಧಿಸಹೊರಡುವುದು ಬಾಲಿಶವಾದೀತು. ಅವನ ಸೂತ್ರ ಆ ದಾರಿಯದ್ದಲ್ಲ. ಆದರೆ ಅವನ ಲೆಕ್ಕದಲ್ಲಿರುವ ಸಮರೂಪತೆ, ಅಂದರೆ ಎರಡು ಅವ್ಯಕ್ತಗಳನ್ನು ಅದಲುಬದಲು ಮಾಡಿದರೂ ಮಾತೃಕೆ ಹಾಗೆಯೇ ಉಳಿಯುವ ಗುಣ, ಮುಂದೆ ಬರುವುದಕ್ಕೆ ಬಹಳ ಮುಖ್ಯವಾದದ್ದು.

ಮೂರನೆಯ ವಾರದ ಸುಮಾರಿಗೆ ಬರುವ ಸದಿಶಾಕಾಶದ ಅಧ್ಯಾಯ ಅನೇಕರಿಗೆ ಒಣ ವ್ಯಾಖ್ಯೆಗಳ ಕಂತೆಯಂತೆ ಕಾಣುತ್ತದೆ. ಕೂಡಿಸಲು ಮತ್ತು ಸಂಖ್ಯೆಯಿಂದ ಗುಣಿಸಲು ಬರುವ, ಹಾಗೆ ಮಾಡಿದರೂ ತಮ್ಮ ಗುಂಪಿನಿಂದ ಹೊರಬೀಳದ ಯಾವ ವಸ್ತುಗಳ ಸಮೂಹವಾದರೂ ಸದಿಶಾಕಾಶವೇ ಎಂದು ಪುಸ್ತಕ ಹೇಳುತ್ತದೆ. ಇಟಲಿಯ ಪಿಯಾನೊ 1888ರಲ್ಲಿಯೇ ಇಂಥ ವ್ಯಾಖ್ಯೆಯನ್ನು ಕೊಟ್ಟಿದ್ದ. ಇಷ್ಟು ವ್ಯಾಪಕವಾಗಿ ಹೇಳುವ ಅಗತ್ಯ ಏನೆಂದು ವಿದ್ಯಾರ್ಥಿಗೆ ಆ ವಾರ ತಿಳಿಯುವುದಿಲ್ಲ. ತಿಳಿಯುವುದು ಅವಕಲ ಸಮೀಕರಣಕ್ಕೆ ಬಂದಾಗ: ಅಲ್ಲಿಯ ಅವ್ಯಕ್ತಗಳು ಸಂಖ್ಯೆಗಳಲ್ಲ, ಫಲನಗಳು, ಅಂದರೆ ಪ್ರತಿ ಕ್ಷಣಕ್ಕೂ ಒಂದು ಬೆಲೆಯನ್ನು ಗೊತ್ತುಮಾಡುವ ನಿಯಮಗಳು. ರೇಖೀಯ ಅವಕಲ ಸಮೀಕರಣದ ಬಲಬದಿ ಸೊನ್ನೆಯಾಗಿದ್ದರೆ, ಅದರ ಎರಡು ಪರಿಹಾರಗಳನ್ನು ಕೂಡಿಸಿದರೂ ಪರಿಹಾರವೇ, ಒಂದನ್ನು ಹತ್ತು ಪಟ್ಟು ಮಾಡಿದರೂ ಪರಿಹಾರವೇ. ಹಾಗಾಗಿ ಪರಿಹಾರಗಳೆಲ್ಲ ಸೇರಿ ಒಂದು ಸದಿಶಾಕಾಶವಾಗುತ್ತವೆ. ವೇಗದ ಬದಲಾವಣೆಯವರೆಗೆ ಹೋಗುವ ಎರಡನೆಯ ದರ್ಜೆಯ ಸಮೀಕರಣವಾದರೆ ಆ ಆಕಾಶದ ಆಯಾಮ ಎರಡು: ಒಂದರಿಂದ ಇನ್ನೊಂದು ಬಾರದ ಎರಡು ಪರಿಹಾರಗಳು ಸಿಕ್ಕರೆ ಸಾಕು, ಅಪಾರವಾದ ಉಳಿದವೆಲ್ಲ ಆ ಎರಡರ ಮಿಶ್ರಣಗಳು.

ಎರಡು ಪರಿಹಾರಗಳು ನಿಜವಾಗಿ ಸ್ವತಂತ್ರವೇ ಎಂದು ಪರೀಕ್ಷಿಸಲು ರಾನ್‌ಸ್ಕಿಯನ್ ಎಂಬ ನಿರ್ಧಾರಕವನ್ನು ಬಳಸುತ್ತಾರೆ. ಅದರಲ್ಲಿ ಮೊದಲ ಸಾಲು ಫಲನಗಳದ್ದು, ಎರಡನೆಯ ಸಾಲು ಅವುಗಳ ಬದಲಾವಣೆಯ ವೇಗಗಳದ್ದು. ಅದು ಸೊನ್ನೆಯಲ್ಲದಿದ್ದರೆ ಫಲನಗಳು ಸ್ವತಂತ್ರ. ಹೋಂವರ್ಕುಗಳಲ್ಲಿ ಮತ್ತೆಮತ್ತೆ ಕಾಣುವ ತಪ್ಪು ಇದರ ತಿರುವುಮುರುವಿನದ್ದು: ಸೊನ್ನೆಯಾದರೆ ಸ್ವತಂತ್ರವಲ್ಲ ಎಂದು ಬರೆದುಬಿಡುವುದು. ಒಂದೇ ರೇಖೀಯ ಸಮೀಕರಣದ ಪರಿಹಾರಗಳ ಮಟ್ಟಿಗೆ, ಸಮೀಕರಣದ ಗುಣಾಂಕಗಳು ಎಲ್ಲಿಯೂ ಮುರಿಯದಿದ್ದರೆ, ಅದು ಸರಿ. ಯಾವ ಎರಡು ಫಲನಗಳಿಗಾದರೂ ಅನ್ವಯಿಸಿದರೆ ತಪ್ಪು. ಒಂದು ರಾಶಿಯ ವರ್ಗ, ಮತ್ತು ಅದೇ ರಾಶಿಯನ್ನು ಅದರ ಋಣಚಿಹ್ನೆ ಬಿಟ್ಟ ಬೆಲೆಯಿಂದ ಗುಣಿಸಿದ್ದು, ಈ ಎರಡು ಫಲನಗಳ ರಾನ್‌ಸ್ಕಿಯನ್ ಎಲ್ಲೆಡೆ ಸೊನ್ನೆಯಾದರೂ ಅವು ಸ್ವತಂತ್ರವಾಗಿಯೇ ಇವೆ ಎಂದು 1889ರಲ್ಲಿ ತೋರಿಸಿದವನೂ ಪಿಯಾನೊನೇ. ಆ ಕಾಲದ ಪಠ್ಯಪುಸ್ತಕಗಳೇ ಈ ತಪ್ಪನ್ನು ಮಾಡಿದ್ದುದರಿಂದ ಬೇಸಿಗೆಯ ವಿದ್ಯಾರ್ಥಿಯನ್ನು ಹೆಚ್ಚು ಗದರುವಂತಿಲ್ಲ.

ಆರನೆಯ ವಾರದ ಹೊತ್ತಿಗೆ ಒಂದು ಮಾದರಿ ಸಮಸ್ಯೆ ಬರುತ್ತದೆ: ಒಂದು ರಾಶಿಯ ವೇಗೋತ್ಕರ್ಷ, ಅದರ ವೇಗದ 3 ಪಟ್ಟು ಮತ್ತು ಅದೇ ರಾಶಿಯ 2 ಪಟ್ಟು, ಇವುಗಳ ಮೊತ್ತ ಸೊನ್ನೆ. ಆಯ್ಲರ್ 1743ರಲ್ಲಿ ಪ್ರಕಟಿಸಿದ ಉಪಾಯವೇ ಇಂದಿಗೂ ಇದಕ್ಕೆ ಮದ್ದು. ತನ್ನ ಬದಲಾವಣೆಯ ವೇಗವು ಯಾವಾಗಲೂ ತನಗೇ ಅನುಪಾತದಲ್ಲಿರುವ ಘಾತೀಯ ಫಲನವನ್ನು ಪರಿಹಾರವೆಂದು ಊಹಿಸಿದರೆ, ಅವಕಲ ಸಮೀಕರಣವು ಪ್ರೌಢಶಾಲೆಯ ವರ್ಗ ಸಮೀಕರಣವಾಗಿ ಇಳಿದು, ಋಣ 1 ಮತ್ತು ಋಣ 2 ಎಂಬ ಎರಡು ಮೂಲಗಳನ್ನು ಕೊಡುತ್ತದೆ. ಊಹೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ, ಅದು ಕೆಲಸ ಮಾಡುತ್ತದೆ ಎಂಬುದಷ್ಟೆ. ಮುಂದಿನ ಹೋಂವರ್ಕು ಹೆಚ್ಚು ಪ್ರಾಮಾಣಿಕ. ರಾಶಿ ಮತ್ತು ಅದರ ವೇಗ ಇವೆರಡನ್ನೂ ಪ್ರತ್ಯೇಕ ಅವ್ಯಕ್ತಗಳೆಂದು ಎಣಿಸಿ ಅದೇ ಸಮೀಕರಣವನ್ನು ಎರಡು ಸರಳ ಸಮೀಕರಣಗಳ ಜೋಡಿಯಾಗಿ ಬರೆಯಲು ಅದು ಹೇಳುತ್ತದೆ. ಆಗ ಮಾತೃಕೆಯೊಂದು ಹುಟ್ಟುತ್ತದೆ, ಅದರ ಐಗೆನ್ ಮೌಲ್ಯಗಳು ಋಣ 1 ಮತ್ತು ಋಣ 2. ಬದಲಾವಣೆಯ ವೇಗ ಕಂಡುಹಿಡಿಯುವ ಕ್ರಿಯೆ ಯಾವ ಫಲನವನ್ನು ತಿರುಗಿಸದೆ ಬರಿದೇ ಹಿಗ್ಗಿಸುತ್ತದೆಯೋ ಅದೇ ಘಾತೀಯ ಫಲನ. ಅಂದರೆ ಅದೂ ಒಂದು ಐಗೆನ್ ಸದಿಶ. ಊಹೆಯೆಂದು ಕಂಡದ್ದು ಊಹೆಯೇ ಆಗಿರಲಿಲ್ಲ.

ಏಳನೆಯ ವಾರದ ಸಮಸ್ಯೆಗಳಲ್ಲಿ ಶಾಸ್ತ್ರೀಯವಾದದ್ದು ಎರಡು ಗುಂಡುಗಳದ್ದು. ಸಮತೂಕದ ಎರಡು ಗುಂಡುಗಳನ್ನು ಒಂದೇ ಸಾಲಿನಲ್ಲಿಟ್ಟು, ನಡುವೆ ಒಂದು ಸ್ಪ್ರಿಂಗು, ಎರಡು ಬದಿಯ ಗೋಡೆಗಳಿಗೆ ಒಂದೊಂದು ಸ್ಪ್ರಿಂಗು, ಹೀಗೆ ಒಂದೇ ಬಿಗಿಯ ಮೂರು ಸ್ಪ್ರಿಂಗುಗಳಿಂದ ಜೋಡಿಸಿದರೆ, ಒಂದು ಗುಂಡಿನ ಚಲನೆ ಇನ್ನೊಂದನ್ನು ಬಿಟ್ಟು ನಡೆಯಲಾರದು. ಒಂದನ್ನಷ್ಟೇ ಎಳೆದು ಬಿಟ್ಟರೆ ಎರಡರ ಅಲುಗಾಟವೂ ಲೆಕ್ಕಕ್ಕೆ ಸಿಗದ ಗೊಂದಲದಂತೆ ಕಾಣುತ್ತದೆ. ಆದರೆ ಇದರ ಮಾತೃಕೆಯೂ ಮಹಾವೀರನ ಮಾತೃಕೆಯ ಹಾಗೆ ಸಮರೂಪವಾದದ್ದು: ಕರ್ಣದಲ್ಲಿ ಒಂದೇ ಸಂಖ್ಯೆ ಎರಡು ಸಲ, ಹೊರಗೆ ಬೇರೊಂದು ಸಂಖ್ಯೆ ಎರಡು ಸಲ. ಆದ್ದರಿಂದ ಮಾದಲ-ಬೇಲದ ಲೆಕ್ಕವನ್ನು ಬಿಡಿಸಿದ ಉಪಾಯವೇ ಇಲ್ಲಿಯೂ ನಡೆಯುತ್ತದೆ. ಎರಡು ಗುಂಡುಗಳ ಸ್ಥಾನಾಂತರಗಳ ಮೊತ್ತವನ್ನು ಒಂದು ಅವ್ಯಕ್ತವೆಂದೂ ವ್ಯತ್ಯಾಸವನ್ನು ಇನ್ನೊಂದೆಂದೂ ತೆಗೆದುಕೊಂಡರೆ ಸಮೀಕರಣಗಳು ಬೇರ್ಪಟ್ಟು, ಎರಡು ಸ್ವತಂತ್ರ ಆಂದೋಲನಗಳಾಗುತ್ತವೆ. ಎರಡೂ ಗುಂಡುಗಳು ಒಟ್ಟಿಗೆ ಒಂದೇ ಕಡೆಗೆ ತೂಗುವುದು ಒಂದು, ಎದುರುಬದುರಾಗಿ ತೂಗುವುದು ಇನ್ನೊಂದು. ಎರಡನೆಯದರ ಆವೃತ್ತಿ ಮೊದಲನೆಯದರ ವರ್ಗಮೂಲ 3ರಷ್ಟು, ಅಂದರೆ ಸುಮಾರು 1.73 ಪಟ್ಟು. ಗೊಂದಲವೆಂದು ಕಂಡದ್ದು ಈ ಎರಡರ ಮಿಶ್ರಣ ಮಾತ್ರ.

ಚರಿತ್ರೆಯಲ್ಲಿ ಈ ಎರಡು ವಿಷಯಗಳು ಬಂದ ಕ್ರಮ ಕೋರ್ಸಿನ ಕ್ರಮಕ್ಕೆ ತಿರುಗುಮುರುಗಾದದ್ದು. ಮಾತೃಕೆ ಎಂಬ ವಸ್ತುವಿಗೆ ಸಿಲ್ವೆಸ್ಟರ್ ಹೆಸರಿಟ್ಟದ್ದು 1850ರಲ್ಲಿ, ಕೇಲಿ ಅದರ ಬೀಜಗಣಿತವನ್ನು ಕಟ್ಟಿದ್ದು 1858ರಲ್ಲಿ. ಆದರೆ ಐಗೆನ್ ಮೌಲ್ಯಗಳನ್ನು ಹುಡುಕುವ ಕೆಲಸ ಅದಕ್ಕೆ ಮುಕ್ಕಾಲು ಶತಮಾನ ಮೊದಲೇ, 1770ರ ದಶಕದಲ್ಲಿ, ಗ್ರಹಗಳ ಕಕ್ಷೆಗಳು ಪರಸ್ಪರ ಸೆಳೆತದಿಂದ ಶತಮಾನಗಳುದ್ದಕ್ಕೂ ನಿಧಾನವಾಗಿ ಹೇಗೆ ಓಲಾಡುತ್ತವೆ ಎಂಬ ಅವಕಲ ಸಮೀಕರಣಗಳನ್ನು ಬಿಡಿಸಲು ಲಗ್ರಾಂಜ್ ಹೊರಟಾಗ ಆರಂಭವಾಗಿತ್ತು. ಓಲಾಟದ ಆವೃತ್ತಿಗಳನ್ನು ಕೊಡುವ ಎಲ್ಲ ಮೂಲಗಳೂ ವಾಸ್ತವ ಸಂಖ್ಯೆಗಳಾಗಿ ಬಂದರೆ ಕಕ್ಷೆಗಳು ಓಲಾಡುತ್ತ ಮಿತಿಯೊಳಗೆ ಉಳಿಯುತ್ತವೆ, ಇಲ್ಲದಿದ್ದರೆ ಎಲ್ಲೆ ಮೀರಿ ಬೆಳೆಯುತ್ತವೆ. ಹಾಗಾಗಿ ಸೌರಮಂಡಲದ ಸ್ಥಿರತೆಯೇ ಒಂದು ಬೀಜಗಣಿತದ ಪ್ರಶ್ನೆಗೆ ಕಟ್ಟುಬಿದ್ದಿತ್ತು. ಸಾಲುಗಳನ್ನು ಕಂಬಗಳಾಗಿ ಬರೆದರೂ ಬದಲಾಗದ ಸಮರೂಪ ಮಾತೃಕೆಯ ಐಗೆನ್ ಮೌಲ್ಯಗಳೆಲ್ಲ ವಾಸ್ತವ ಸಂಖ್ಯೆಗಳೇ ಎಂದು ಕೋಶಿ 1829ರಲ್ಲಿ ಸಾಧಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೂ ಗ್ರಹಗಳ ಚಲನೆಯ ಉಲ್ಲೇಖವಿದೆ.

ಇದೇ ಚರಿತ್ರೆಯಲ್ಲಿ ಒಂದು ಸೊಗಸಾದ ಎಡವಟ್ಟೂ ಇದೆ. ಎರಡು ಮೂಲಗಳು ಒಂದೇ ಆಗಿಬಿಟ್ಟರೆ ಪರಿಹಾರದಲ್ಲಿ ಕಾಲವೇ ಗುಣಾಂಕವಾಗಿ ನುಸುಳುತ್ತದೆ. ವೇಗೋತ್ಕರ್ಷದ ಜೊತೆಗೆ ವೇಗದ 2 ಪಟ್ಟು ಮತ್ತು ರಾಶಿಯ 1 ಪಟ್ಟು ಇರುವ ಸಮೀಕರಣದಲ್ಲಿ ಹಾಗೆಯೇ ಆಗುತ್ತದೆ, ಮತ್ತು ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಓಲಾಡದೆ, ಬಡಿಯದೆ ಆದಷ್ಟು ಬೇಗ ಮುಚ್ಚಲು ಬೇಕಾದ ಅವಮಂದನ, ಎಂದರೆ ಚಲನೆಯನ್ನು ತಗ್ಗಿಸುವ ತಡೆ, ಇದೇ ಸ್ಥಿತಿಯದ್ದು. ಇದನ್ನು ಕಂಡಿದ್ದ ಲಗ್ರಾಂಜ್ ಮತ್ತು ಲಾಪ್ಲಾಸ್, ಮೂಲಗಳು ಮರುಕಳಿಸಿದರೆ ಗ್ರಹವ್ಯವಸ್ಥೆಯೂ ಅಸ್ಥಿರವಾಗುತ್ತದೆ ಎಂದು ನಂಬಿದ್ದರು. ಸಮರೂಪ ಮಾತೃಕೆಗಳಲ್ಲಿ ಮೂಲ ಮರುಕಳಿಸಿದರೂ ಬೇಕಾದಷ್ಟು ಐಗೆನ್ ಸದಿಶಗಳು ಸಿಕ್ಕೇ ಸಿಗುತ್ತವೆ, ಕಾಲದ ಗುಣಾಂಕ ಬರುವುದಿಲ್ಲ ಎಂದು 1858ರಲ್ಲಿ ವೈಯರ್‌ಸ್ಟ್ರಾಸ್ ತೋರಿಸಿದ. ಇಂದು ಒಂದು ಹೋಂವರ್ಕಿನಲ್ಲಿ ಎರಡು ಮಾತೃಕೆಗಳನ್ನು ಕೊಟ್ಟು, ಎರಡರಲ್ಲೂ ಒಂದೇ ಮೂಲ ಮರುಕಳಿಸಿದರೂ ಒಂದನ್ನು ಕರ್ಣರೂಪಕ್ಕೆ, ಅಂದರೆ ಕರ್ಣದ ಹೊರಗೆಲ್ಲ ಸೊನ್ನೆಯಿರುವ ರೂಪಕ್ಕೆ, ತರಬಹುದು, ಇನ್ನೊಂದನ್ನು ತರಲಾಗದು ಎಂದು ತೋರಿಸಲು ಕೇಳುವಾಗ, ಆ ಹಳೆಯ ನಂಬಿಕೆಯನ್ನೇ ಮತ್ತೊಮ್ಮೆ ಪರೀಕ್ಷೆಗೆ ಒಡ್ಡಿದಂತಾಗುತ್ತದೆ.

ಹೀಗೆ ಒಂದಾಗಿ ಬೆಳೆದದ್ದನ್ನು ಇಪ್ಪತ್ತನೆಯ ಶತಮಾನದ ಪಠ್ಯಕ್ರಮ ಎರಡು ಮಾಡಿತು. ಬರ್ಕಲಿಯ ಅಧ್ಯಾಪಕರಾಗಿದ್ದ ಮಾರಿಸ್ ಹರ್ಷ್ ಮತ್ತು ಸ್ಟೀಫನ್ ಸ್ಮೇಲ್ 1974ರಲ್ಲಿ ಎರಡನ್ನೂ ಒಂದೇ ಪುಸ್ತಕದಲ್ಲಿ ತಂದರು. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ 2014ರಲ್ಲಿ ಹಾಗೆಯೇ ಮಾಡಿದರು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಗಣಿತದಲ್ಲಿಯೂ ಎರಡೂ ಇವೆ, ಆದರೆ ಹೆಚ್ಚಾಗಿ ಅಕ್ಕಪಕ್ಕದ ಬೇರೆಬೇರೆ ಘಟಕಗಳಾಗಿ: ಒಂದೆಡೆ ಮಾತೃಕೆಯ ದೊಡ್ಡ ಐಗೆನ್ ಮೌಲ್ಯವನ್ನು ಸಂಖ್ಯಾವಿಧಾನದಿಂದ ಕಂಡುಹಿಡಿಯುವುದು, ಇನ್ನೊಂದೆಡೆ ಅವಕಲ ಸಮೀಕರಣ ಬಿಡಿಸುವುದು. ನಡುವಿನ ಗೋಡೆಯಲ್ಲಿ ಬಾಗಿಲೊಂದಿದೆ ಎಂದು ಹೇಳುವ ನಾಲ್ಕು ಸಮಸ್ಯೆಗಳಿದ್ದರೂ ಸಾಕಿತ್ತು.

ಹೋಂವರ್ಕಿನ ಸಂಖ್ಯೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಮೊದಲ ಸಾಲು 4 ಮತ್ತು 1, ಎರಡನೆಯ ಸಾಲು 2 ಮತ್ತು 3 ಇರುವ ಮಾತೃಕೆಯ ಐಗೆನ್ ಮೌಲ್ಯಗಳು 5 ಮತ್ತು 2. ಕೊನೆಯ 3ನ್ನು 4 ಮಾಡಿದರೆ ಅವು ನಾಲ್ಕಕ್ಕೆ 2ರ ವರ್ಗಮೂಲವನ್ನು ಕೂಡಿಸಿದ ಮತ್ತು ಕಳೆದ ಸಂಖ್ಯೆಗಳಾಗಿಬಿಡುತ್ತವೆ. ಉತ್ತರವನ್ನು ಮೊದಲು ಗೊತ್ತುಮಾಡಿಕೊಂಡು ಹಿಂದಕ್ಕೆ ಗುಣಿಸಿ ಪ್ರಶ್ನೆಯನ್ನು ಹೊಸೆಯುವುದೇ ಅಧ್ಯಾಪಕರ ರೂಢಿ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ವೆಬ್‌ವರ್ಕ್ ಎಂಬ ತಂತ್ರಾಂಶ ಒಂದೇ ಸಮಸ್ಯೆಯನ್ನು ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆಬೇರೆ ಸಂಖ್ಯೆಗಳೊಂದಿಗೆ ಕೊಟ್ಟು, ಉತ್ತರವನ್ನು ಕೂಡಲೇ ತಿದ್ದುತ್ತದೆ. ನಕಲನ್ನು ತಡೆಯಲು ಅದು ಉಪಯುಕ್ತವಾದರೂ, ಅವ್ಯಕ್ತಗಳನ್ನು ಬದಲಿಸುವ ಆಲೋಚನೆಯನ್ನು ತಿದ್ದಲು ಅದಕ್ಕೆ ಬಾರದು. ಕಂಪ್ಯೂಟರು ಸಾವಿರ ಸಾಲಿನ ಮಾತೃಕೆಯನ್ನು ಕ್ಷಣದಲ್ಲಿ ಬಿಡಿಸುವ ಕಾಲದಲ್ಲಿ ಎರಡು ಸಾಲಿನ ಮಾತೃಕೆಯನ್ನು ಕೈಯಿಂದ ಬಿಡಿಸುವುದಕ್ಕೆ ಸಮರ್ಥನೆ ಇರುವುದು ಈ ಆಲೋಚನೆಯಲ್ಲಿ ಮಾತ್ರ. ಗುಣಾಕಾರದ ಅಭ್ಯಾಸಕ್ಕಾಗಿಯೇ ಇಪ್ಪತ್ತು ಲೆಕ್ಕ ಹಾಕಿಸುವುದು ಬೇಸಿಗೆಯ ದಿನಗಳ ದುಂದು.

ಬಲಬದಿ ಸೊನ್ನೆಯಲ್ಲದ, ಅಂದರೆ ಹೊರಗಿನ ಬಲವೊಂದು ಕೆಲಸ ಮಾಡುವ, ಸಮೀಕರಣಗಳ ಹೋಂವರ್ಕಿಗೆ ಪುಸ್ತಕಗಳು ಬಹುಕಾಲ ಒಂದು ಚಿತ್ರವನ್ನು ಅಂಟಿಸುತ್ತ ಬಂದಿವೆ: ವಾಷಿಂಗ್ಟನ್ ರಾಜ್ಯದ ಟಕೋಮ ನ್ಯಾರೋಸ್ ತೂಗುಸೇತುವೆ. 1940ರ ಜುಲೈ 1ರಂದು ತೆರೆದ ಆ ಸೇತುವೆ ಅದೇ ವರ್ಷ ನವೆಂಬರ್ 7ರಂದು, ಗಂಟೆಗೆ ಸುಮಾರು 67 ಕಿಲೋಮೀಟರ್ ವೇಗದ ಗಾಳಿಯಲ್ಲಿ, ಹಗ್ಗದಂತೆ ತಿರುಚಿಕೊಳ್ಳುತ್ತ ಕುಸಿಯಿತು. ಹೊರಗಿನ ಬಲದ ಆವೃತ್ತಿ ವಸ್ತುವಿನ ಸಹಜ ಆವೃತ್ತಿಗೆ ಹೊಂದಿದಾಗ ಆಂದೋಲನ ಬೆಳೆಯುತ್ತಲೇ ಹೋಗುವ ಅನುರಣನಕ್ಕೆ ಇದೇ ಉದಾಹರಣೆ ಎಂದು ತಲೆಮಾರುಗಳ ವಿದ್ಯಾರ್ಥಿಗಳು ಓದಿದರು. ಯೂಸುಫ್ ಬಿಲ್ಲಾ ಮತ್ತು ರಾಬರ್ಟ್ ಸ್ಕಾನ್ಲನ್ 1991ರಲ್ಲಿ ಈ ವಿವರಣೆ ಒಪ್ಪುವಂಥದ್ದಲ್ಲ ಎಂದು ವಾದಿಸಿದರು: ಸೇತುವೆ ತಿರುಚುತ್ತಿದ್ದದ್ದು ನಿಮಿಷಕ್ಕೆ ಸುಮಾರು 12 ಬಾರಿ, ಗಾಳಿಯ ಸುಳಿಗಳು ಕಳಚಿಕೊಳ್ಳುತ್ತಿದ್ದದ್ದಾದರೆ ಸೆಕೆಂಡಿಗೆ ಸುಮಾರು ಒಂದು ಬಾರಿ; ಎರಡೂ ಹೊಂದುವುದಿಲ್ಲ. ಸೇತುವೆಯ ತಿರುಚುವಿಕೆಯೇ ಗಾಳಿಯಿಂದ ಶಕ್ತಿಯನ್ನು ಸೆಳೆದುಕೊಳ್ಳುತ್ತಿತ್ತು, ಚಲನೆಯನ್ನು ತಡೆಯಬೇಕಾದ ಅವಮಂದನ ಋಣವಾಗಿ ಅದನ್ನು ಬೆಳೆಸುತ್ತಿತ್ತು. ಹೋಂವರ್ಕಿನ ಭಾಷೆಯಲ್ಲಿ ಹೇಳುವುದಾದರೆ, ಕೇಡಿನ ಮೂಲ ಸಮೀಕರಣದ ಬಲಬದಿಯಲ್ಲಿರಲಿಲ್ಲ, ಎಡಬದಿಯಲ್ಲಿಯೇ ಇತ್ತು: ಸಂಮಿಶ್ರ ಸಂಖ್ಯೆಯಾದ ಐಗೆನ್ ಮೌಲ್ಯದ ವಾಸ್ತವ ಭಾಗ ಸೊನ್ನೆಯನ್ನು ದಾಟಿ ಧನವಾಗಿತ್ತು. ಆ ಚಿತ್ರವನ್ನು ಒಂದು ಅಧ್ಯಾಯ ಮುಂದಕ್ಕೆ, ಸಮೀಕರಣ ಜೋಡಿಗಳ ಸ್ಥಿರತೆಯ ಪಾಠಕ್ಕೆ, ಒಯ್ದರೆ ಸರಿಹೋಗುತ್ತದೆ.

ಕೊನೆಯ ವಾರಕ್ಕೆ ಉಳಿಯುವುದು ಫೂರಿಯೆ. ಲೋಹದ ಸರಳೊಂದರಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದರ ಬಗ್ಗೆ ಅವನು 1807ರಲ್ಲಿ ಪ್ಯಾರಿಸ್ಸಿನಲ್ಲಿ ಒಪ್ಪಿಸಿದ ಪ್ರಬಂಧವನ್ನು ಪರಿಶೀಲಿಸಿದವರಲ್ಲಿ ಲಗ್ರಾಂಜ್ ಮತ್ತು ಲಾಪ್ಲಾಸ್ ಇಬ್ಬರೂ ಇದ್ದರು. ಯಾವ ಉಷ್ಣತಾ ಹಂಚಿಕೆಯನ್ನಾದರೂ ಸೈನ್ ತರಂಗಗಳ ಮೊತ್ತವಾಗಿ ಬರೆಯಬಹುದೆಂಬ ಮಾತನ್ನು ಲಗ್ರಾಂಜ್ ಒಪ್ಪಲಿಲ್ಲ, ಪುಸ್ತಕ ಹೊರಬಂದದ್ದು 1822ರಲ್ಲಿ. ಇಲ್ಲಿ ಅವ್ಯಕ್ತಗಳ ಸಂಖ್ಯೆ ಎರಡಲ್ಲ, ಸರಳಿನ ಪ್ರತಿ ಬಿಂದುವಿನ ಉಷ್ಣತೆಯೂ ಒಂದು ಅವ್ಯಕ್ತ. ಪ್ರತಿಯೊಂದೂ ನೆರೆಯ ಬಿಂದುಗಳೊಂದಿಗೆ ಹೆಣೆದುಕೊಂಡಿದೆ. ಸೈನ್ ತರಂಗಗಳು ಈ ಅನಂತ ಆಯಾಮದ ಆಕಾಶದಲ್ಲಿ ಒಂದಕ್ಕೊಂದು ಲಂಬವಾಗಿರುವ ಐಗೆನ್ ಸದಿಶಗಳು. ಆದ್ದರಿಂದ ಕೊನೆಯ ಹೋಂವರ್ಕಿನಲ್ಲಿ, ಎರಡು ತುದಿಗಳನ್ನೂ ಸೊನ್ನೆ ಡಿಗ್ರಿಯಲ್ಲಿ ಹಿಡಿದ ಸರಳಿನ ಆರಂಭಿಕ ಉಷ್ಣತೆ ಮೊದಲ ತರಂಗದ 1 ಪಾಲು ಮತ್ತು ಮೂರನೆಯ ತರಂಗದ 5 ಪಾಲು ಎಂದು ಕೊಟ್ಟಿದ್ದರೆ, ಅನುಕಲನವನ್ನೇನೂ ಮಾಡಬೇಕಾಗಿಲ್ಲ. ಮೊದಲ ತರಂಗ ತನ್ನ ವೇಗದಲ್ಲಿ ಕ್ಷೀಣಿಸುತ್ತದೆ, ಮೂರನೆಯದು ಅದರ ಒಂಬತ್ತು ಪಟ್ಟು ವೇಗದಲ್ಲಿ ಕ್ಷೀಣಿಸುತ್ತದೆ, ಇವೆರಡನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ಬರೆದರೆ ಅದೇ ಉತ್ತರ. ಎರಡು ಪುಟ ಲೆಕ್ಕ ಮಾಡಿ ಅದೇ ಸಾಲಿಗೆ ತಲುಪಿದ ವಿದ್ಯಾರ್ಥಿಗೂ ಪೂರ್ಣ ಅಂಕ ಸಿಗುತ್ತದೆ.